ಬೀದಿ ಕಾಯುವ ಭಾವ

ನಮ್ಮ ಹಿರಿಯರು ಹುಲಿಯ ಮೇಲೆ ಗಾದೆ ಕಟ್ಟಿದರು, ಕಳ್ಳನ ಮೇಲೆ ಕಟ್ಟಿದರು, ಅತ್ತೆಯ ಮೇಲಂತೂ ಅತ್ತೆ ಮುನಿದು ಎದ್ದು ಹೋಗುವವರೆಗೂ ಕಟ್ಟಿದರು. ಆದರೆ ಕೊನೆಯ ಬಸ್ಸು ಇಳಿದು ಮನೆಯವರೆಗೆ ನಡೆಯುವುದರ ಮೇಲೆ ಒಂದೇ ಒಂದು ಗಾದೆಯನ್ನೂ ಬಿಟ್ಟುಹೋಗಲಿಲ್ಲ. ಕಾರಣ ಸರಳ. ಅವರೆಲ್ಲ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ, ಉಂಡು, ಕೈ ತೊಳೆದು, ಬೇರೆಯವರಿಗೆ ಬುದ್ಧಿ ಹೇಳುತ್ತ ಕೂತಿರುತ್ತಿದ್ದರು. ಹೀಗಾಗಿ ಗಾದೆಯ ಜಾಗಕ್ಕೆ ಒಂದು ನಿಜವಾದ ಕಥೆಯನ್ನೇ ತಂದು ಕೂರಿಸಬೇಕಾಗಿದೆ. ನಿಜ ಎಂದರೆ ಅಪ್ಪಟ ನಿಜ. ಸುಳ್ಳು ಹೇಳಿದವರೆಲ್ಲ ಕಥೆಯ ಒಳಗೇ ಇದ್ದಾರೆ, ಹೊರಗೆ ಯಾರೂ ಇಲ್ಲ.

ಹಲ್ಲುಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ. ನಗರದ ದಂತವೈದ್ಯರು ಹಗಲೆಲ್ಲ ಕಿತ್ತುಹಾಕಿದ ಹಲ್ಲುಗಳ ಜಾಗಕ್ಕೆ ಬದಲಿ ಹಲ್ಲು ಮಾಡಿಕೊಡುವುದು ಅವರ ಕೆಲಸ. ಸಂಜೆ ಹೊತ್ತಿಗೆ ಬೇರೆ ಬೇರೆ ಬಾಯಿಗಳ ಅಚ್ಚುಗಳು ಲ್ಯಾಬಿಗೆ ಬಂದು ಬೀಳುತ್ತವೆ. ಮೇಷ್ಟ್ರು ಮೇಣ ಕರಗಿಸಿ, ವಸಡು ತಿದ್ದಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಏಳುವಾಗ ರಾತ್ರಿ ಹತ್ತು. ಬಾಯಿಗೆ ಬಂದಂತೆ ಮಾತಾಡುವವರು ಊರ ತುಂಬ ಇದ್ದಾರೆ. ಬಾಯಿಗೆ ಬರುವಂತೆ ಹಲ್ಲು ಮಾಡುವವರು ಕಡಿಮೆ ಎಂದು ಲ್ಯಾಬಿನ ಮಾಲೀಕರು ಅವರನ್ನು ಹೊಗಳುತ್ತಿದ್ದರು, ರಜೆ ಕೇಳದ ದಿನಗಳಲ್ಲಿ.

ಮೂರು ವಾರದ ಹಿಂದೆ ಮೇಷ್ಟ್ರು ಬೇರೊಂದು ಬಡಾವಣೆಗೆ ಮನೆ ಬದಲಾಯಿಸಿದ್ದರು. ಹೆಂಡತಿಗೆ ಅಡುಗೆಮನೆಯ ಕಿಟಕಿ ಹಿಡಿಸಿತ್ತು. ಮೇಷ್ಟ್ರಿಗೆ ಹಗಲು ಹೊತ್ತಿನಲ್ಲಿ ಬೀದಿಯೂ ಹಿಡಿಸಿತ್ತು. ರಾತ್ರಿ ಮಾತ್ರ ಅದೇ ಬೀದಿ ಬೇರೆ ಯಾರದೋ ಬೀದಿಯಂತೆ ಕಾಣುತ್ತಿತ್ತು. ಬಸ್‌ಸ್ಟಾಪಿನಿಂದ ಗೇಟಿಗೆ ನಾನೂರ ಹನ್ನೆರಡು ಹೆಜ್ಜೆ. ಹೆದರಿದ ದಿನ ಮುನ್ನೂರ ಮೂವತ್ತು. ಮೊದಲ ಅರ್ಧದಲ್ಲಿ ಎಡಕ್ಕೆ ಗೋದಾಮಿನ ಉದ್ದ ಗೋಡೆ, ಬಲಕ್ಕೆ ಆಳೆತ್ತರ ಹುಲ್ಲು ಬೆಳೆದ ಖಾಲಿ ಸೈಟು. ಅಲ್ಲಿದ್ದ ಎರಡು ಬೀದಿದೀಪಗಳಲ್ಲಿ ಒಂದು ಸತ್ತು ತಿಂಗಳುಗಳಾಗಿದ್ದವು. ಇನ್ನೊಂದು ಆಗಾಗ ಕಣ್ಣು ಹೊಡೆಯುತ್ತಿತ್ತು, ಸತ್ತದ್ದರ ಗುಟ್ಟು ತನಗೆ ಗೊತ್ತು ಎಂಬಂತೆ.

ಈ ಅರ್ಧ ದಾಟಿದರೆ ಮನೆಗಳ ಸಾಲು, ಮತ್ತು ಸೀಟಿ ತಾತ. ಹನ್ನೊಂದು ವರ್ಷದಿಂದ ಅದೇ ಬೀದಿಯ ರಾತ್ರಿ ಕಾವಲುಗಾರ. ಬಾಯಲ್ಲಿ ಒಂದೂ ಹಲ್ಲಿಲ್ಲ. ಸೀಟಿ ವಸಡಿನ ಮೇಲೆ ನಿಲ್ಲದೆ ಜಾರುವುದರಿಂದ ಒಂದು ಕೈಯಲ್ಲಿ ಅದನ್ನೇ ಹಿಡಿದಿರಬೇಕು, ಇನ್ನೊಂದರಲ್ಲಿ ಕೋಲು. ಟಾರ್ಚಿಗೆ ಮೂರನೆಯ ಕೈ ಇರಲಿಲ್ಲ. ಮೇಷ್ಟ್ರನ್ನು ಕಂಡಾಗಲೆಲ್ಲ "ಪೀ... ಫುಸ್" ಎಂದು ಒಂದು ಸೀಟಿ. ಆಮೇಲೆ, "ಓಗಿ ಮೇಫ್ಟ್ರೇ, ನಾನಿದ್ದೀನಿ."

ಆ ಒಂದು ಮಾತು ಕೇಳಿದ ಮೇಲೆ ಮೇಷ್ಟ್ರ ಎದೆ ಜಾಗಕ್ಕೆ ಬರುತ್ತಿತ್ತು. ಉಪಕಾರಕ್ಕೆ ಪ್ರತಿಯಾಗಿ ಒಂದು ಭಾನುವಾರ ತಾತನನ್ನು ಕೂರಿಸಿಕೊಂಡು ಬಾಯಿಯ ಅಚ್ಚು ತೆಗೆದಿದ್ದರು. "ಪೂರ್ತಿ ಸೆಟ್ಟು ಮಾಡಿಕೊಡ್ತೀನಿ ತಾತ, ಮೇಲೂ ಕೆಳಗೂ." ತಾತ ಆ ದಿನದಿಂದ ಸೀಟಿಗಿಂತ ಮೊದಲು, "ಅಲ್ಲು ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದ. ಹಲ್ಲು ಮೇಣದಲ್ಲೇ ನಿಂತಿತ್ತು.

ತೊಂದರೆ ಇದ್ದದ್ದು ತಾತ ಸಿಗುವುದಕ್ಕೆ ಮುಂಚಿನ ಇನ್ನೂರು ಹೆಜ್ಜೆಗಳಲ್ಲಿ. ಒಂದು ರಾತ್ರಿ ಗೋಡೆಯ ಪಕ್ಕದಲ್ಲಿ ಯಾರೋ ಹಿಂಬಾಲಿಸಿದಂತಾಯಿತು. ಮೇಷ್ಟ್ರು ನಿಂತರೆ ಅದೂ ನಿಂತಿತು, ನಡೆದರೆ ನಡೆಯಿತು. ಜೇಬಿನಲ್ಲಿ ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಮುಟ್ಟಿಸಬೇಕಾಗಿದ್ದ ಸೆಟ್ಟೊಂದು ಡಬ್ಬಿಯೊಳಗೆ ಕಟಕಟ ಎನ್ನುತ್ತಿತ್ತು. ಕಟಕಟ ಎನ್ನುತ್ತಿರುವುದು ಅದೋ ತಮ್ಮ ಸ್ವಂತದ್ದೋ ಎಂದು ವೃತ್ತಿಯಲ್ಲಿ ಇಪ್ಪತ್ತು ವರ್ಷದ ಅನುಭವವಿದ್ದ ಮೇಷ್ಟ್ರಿಗೂ ಹೇಳಲಾಗಲಿಲ್ಲ. ಮೊಬೈಲು ತೆಗೆದು ಕಿವಿಗೆ ಒತ್ತಿ, ಯಾರಿಗೂ ಮಾಡದ ಫೋನಿನಲ್ಲಿ ಗಟ್ಟಿಯಾಗಿ ಮಾತಾಡತೊಡಗಿದರು.

"ಹಲೋ, ಭಾವ! ಹ್ಞಾಂ, ಗೋದಾಮಿನ ಹತ್ರ ಇದೀನಿ. ಜೀಪು ಎಲ್ಲಿ ನಿಲ್ಸಿದೀರಿ? ತಿರುವಲ್ಲೇನಾ? ಅಯ್ಯೋ, ಪಿಸ್ತೂಲು ಯಾಕೆ ಭಾವ, ನೀವು ಇದ್ರೆ ಸಾಕಲ್ಲ!"

ಹಿಂದಿನದು ನಿಂತಿತು. ತಿರುಗಿ ನೋಡಿದರೆ ಗಾಳಿಗೆ ಉರುಳಿಕೊಂಡು ಬಂದ ಖಾಲಿ ರಟ್ಟಿನ ಪೆಟ್ಟಿಗೆ. ಮೇಷ್ಟ್ರು ಪೆಟ್ಟಿಗೆಯನ್ನು ನೋಡಲಿಲ್ಲ ಎಂದೇ ತಿಳಿಯೋಣ, ಏಕೆಂದರೆ ಅವರೂ ಹಾಗೆಯೇ ತಿಳಿದರು. ಭಾವನಿಗೆ ಹೆದರಿ ಯಾರೋ ಓಡಿದರು ಎಂಬುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಂದಿನಿಂದ ಬಸ್ಸು ಇಳಿದೊಡನೆ ಭಾವ ಹಾಜರು. ಪೊಲೀಸ್ ಇಲಾಖೆಯ ಚರಿತ್ರೆಯಲ್ಲೇ ಇಷ್ಟು ಬೇಗ ಬಡ್ತಿ ಪಡೆದ ಅಧಿಕಾರಿ ಇನ್ನೊಬ್ಬರಿಲ್ಲ. ಸೋಮವಾರ ಸಬ್ ಇನ್ಸ್‌ಪೆಕ್ಟರ್ ಆಗಿದ್ದವರು ಶುಕ್ರವಾರ ಇನ್ಸ್‌ಪೆಕ್ಟರ್ ಆದರು. ಅಮಾವಾಸ್ಯೆ ಹತ್ತಿರ ಬಂದು ಕತ್ತಲೆ ದಟ್ಟವಾದಂತೆ ಸೀದಾ ಮೇಲಧಿಕಾರಿಯೇ ಆದರು. ಕಾಲೇಜಿನಲ್ಲಿ ಪ್ರಾಂಶುಪಾಲರ ದನಿ ಅನುಕರಿಸಿ ಬಹುಮಾನವನ್ನೂ, ಅದೇ ಪ್ರಾಂಶುಪಾಲರಿಂದ ದಂಡವನ್ನೂ ಪಡೆದಿದ್ದ ಮೇಷ್ಟ್ರು ಭಾವನ ಉತ್ತರಗಳನ್ನೂ ತಾವೇ ಕೊಡತೊಡಗಿದರು. ಅಂಗೈ ಬಾಯಿಗೆ ಅಡ್ಡ ಹಿಡಿದು, ಲ್ಯಾಬಿನ ಮಾಲೀಕರು ಬೈಯುವ ದನಿಯಲ್ಲಿ, "ಆ ನನ್ಮಕ್ಕಳನ್ನ ಬಿಡಲ್ಲ! ಒದ್ದು ಒಳಗೆ ಹಾಕ್ತೀನಿ!" ಎಂದು ಗುಡುಗುತ್ತಿದ್ದರು. ಮತ್ತೆ ಕೈ ತೆಗೆದು ತಮ್ಮ ದನಿಯಲ್ಲಿ, "ಹೋಗ್ಲಿ ಬಿಡಿ ಭಾವ, ಪಾಪ, ಅವರಿಗೂ ಹೆಂಡ್ರು ಮಕ್ಕಳು," ಎಂದು ಇಲ್ಲದ ಕಳ್ಳರಿಗೆ ಕ್ಷಮೆಯನ್ನೂ ಕೊಡಿಸುತ್ತಿದ್ದರು.

ಆ ಬಡಾವಣೆಯ ಜನ ಹಗಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ರಾತ್ರಿ ಮಾತ್ರ ಪರದೆಯ ಹಿಂದೆ ಎಲ್ಲರ ಕಿವಿಯೂ ಎಚ್ಚರವಾಗಿರುತ್ತದೆ. ನಾಲ್ಕನೆಯ ವಾರ ಮೇಷ್ಟ್ರ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನಿವಾಸಿಗಳ ಸಂಘದ ಅಧ್ಯಕ್ಷರು. ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಬೀದಿಯವರ ಬಾಯಲ್ಲಿ ತೂಕದ ಸಾಹೇಬರು. ಅಂಗಡಿಯವರ ತಕ್ಕಡಿಯನ್ನು ಮೂವತ್ತು ವರ್ಷ ಅನುಮಾನಿಸಿ, ಈಗ ಅದೇ ಅನುಮಾನವನ್ನು ಮನುಷ್ಯರ ಮೇಲೆ ಬಳಸುತ್ತಿದ್ದರು. ಮೂರು ವಾರದಿಂದ ಮೇಷ್ಟ್ರ ನಮಸ್ಕಾರಕ್ಕೆ ತಲೆಯನ್ನೂ ಆಡಿಸದಿದ್ದವರು ಎರಡೂ ಕೈ ಜೋಡಿಸಿ ನಿಂತಿದ್ದರು.

"ನಮ್ಮ ಹತ್ರ ಮುಚ್ಚಿಡೋದೇನು ಮೇಷ್ಟ್ರೇ? ಹೇಳಿದ್ರೆ ನಾವೇನು ಕಚ್ತಿದ್ವಾ?"

"ಏನನ್ನ ಸಾರ್?"

"ನಿಮ್ಮ ಭಾವನವರ ವಿಷಯ."

"ಅಯ್ಯೋ, ಅದು ಹಾಗಲ್ಲ ಸಾರ್, ನಿಜ ಏನಪ್ಪಾ ಅಂದ್ರೆ..."

"ಹೇಳಬೇಡಿ!" ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು. "ಇಲಾಖೆಯ ಗುಟ್ಟು. ನಾನೂ ಇಲಾಖೆಯವನೇ, ಗೊತ್ತಾಗುತ್ತೆ. ಅಮ್ಮಾ, ನಿಮ್ಮ ಸ್ವಂತ ಅಣ್ಣನೇ ಅಲ್ವಾ?"

ಕೊನೆಯ ಮಾತು ಒಳಗಿಂದ ಬಂದ ಮನೆಯಾಕೆಗೆ. ಆಕೆಗೆ ಇದ್ದದ್ದು ಒಬ್ಬನೇ ಅಣ್ಣ, ಹಾಸಿಗೆ ಅಂಗಡಿಯ ಮಾರಾಟಗಾರ. ಆಕೆ ಗಂಡನ ಮುಖ ನೋಡಿದಳು, ಸಾಹೇಬರ ಜೋಡಿಸಿದ ಕೈ ನೋಡಿದಳು. "ಹೌದು, ಸ್ವಂತ ಅಣ್ಣನೇ," ಎಂದಳು. ಅದು ನಿಜವೂ ಆಗಿತ್ತು.

ಸಾಹೇಬರು ಹೋದ ಮೇಲೆ ಮೇಷ್ಟ್ರು ಎಲ್ಲವನ್ನೂ ಹೇಳಿಕೊಂಡರು. ಹೆಂಡತಿ ಹಲ್ಲು ಕಡಿದಳು. ಹಲ್ಲು ಕಟ್ಟುವುದು ಗಂಡನ ವೃತ್ತಿಯಾದರೆ ಹಲ್ಲು ಕಡಿಯುವುದು ಆಕೆಯ ಪ್ರವೃತ್ತಿ. "ಒಬ್ಬರೇ ನಡೆಯೋಕೆ ಹೆದರಿಕೆ ಅಂತ ನನ್ನ ಅಣ್ಣನಿಗೆ ಖಾಕಿ ಹಾಕಿಸಿದ್ರಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಸಿ, "ಇರಲಿ ಬಿಡಿ. ಮೂರು ವಾರದಿಂದ ಈ ಬೀದೀಲಿ ನನ್ನನ್ನ ಯಾರೂ ಮಾತಾಡಿಸಿರಲಿಲ್ಲ," ಎಂದಳು.

ಮುಂದಿನ ಭಾನುವಾರ ಗ್ರಹಚಾರ ತಾನೇ ವಿಳಾಸ ಹುಡುಕಿಕೊಂಡು ಬಂತು. ಹಾಸಿಗೆ ಅಂಗಡಿಯ ನಿಜವಾದ ಭಾವ ತಂಗಿಯನ್ನು ನೋಡಲು ಬಂದಿಳಿದ. ಕಡ್ಡಿಯಂಥ ಆಸಾಮಿ, ತೋಳು ಮಡಚಿದ ಅಂಗಿ, ಕೈಯಲ್ಲಿ ಚೀಲ. ಪರದೆಗಳು ಅಲ್ಲಾಡಿದವು. "ಮಫ್ತೀಲಿ ಬಂದಿದಾರೆ," ಎಂದು ಮನೆಯಿಂದ ಮನೆಗೆ ಸುದ್ದಿ ಹೋಯಿತು. ಅರ್ಧ ಗಂಟೆಯಲ್ಲಿ ತೂಕದ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಹಾಸಿಗೆಯವನಿಗೆ ಒಂದು ಚಟ. ಹೊಸಬರು ಯಾರು ಸಿಕ್ಕರೂ ಅವರನ್ನು ಗಿರಾಕಿಯೆಂದೇ ತಿಳಿದು ಮಾತು ಶುರುಮಾಡುವುದು. ಸಾಹೇಬರನ್ನು ನೆತ್ತಿಯಿಂದ ಪಾದದವರೆಗೆ ಕಣ್ಣಿನಲ್ಲೇ ಅಳೆದು ಕೇಳಿದ: "ರಾತ್ರಿ ನಿದ್ದೆ ಹೇಗೆ ಬರುತ್ತೆ ನಿಮಗೆ?"

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. "ಚೆನ್ನಾಗೇ ಬರ್ತಿತ್ತು ಸಾರ್, ನಿನ್ನೆ ತನಕ."

"ಮಗ್ಗುಲು ಬದಲಾಯಿಸ್ತೀರೋ?"

"ಛೆ ಛೆ, ಹುಟ್ಟಿದಾಗಿನಿಂದ ಒಂದೇ ಮಗ್ಗುಲು ಸಾರ್."

"ಮಂಚದ ಅಡಿಯಲ್ಲಿ ಏನಿಟ್ಟಿದೀರಿ? ಗಾಳಿ ಆಡಬೇಕು ನೋಡಿ, ಅದಕ್ಕೆ ಕೇಳಿದೆ."

ಸಾಹೇಬರು ಎದ್ದೇ ನಿಂತರು. "ಒಂದು ತಕ್ಕಡಿ ಇದೆ ಸಾರ್! ಇಲಾಖೇದು! ಜಪ್ತಿ ಮಾಡಿದ್ದು, ಮರೆತು ಮನೇಲೇ ಉಳೀತು! ನಾಳೆ ಬೆಳಿಗ್ಗೆನೇ ವಾಪಸ್ ಕೊಟ್ಟುಬಿಡ್ತೀನಿ!"

"ನಿಧಾನ, ನಿಧಾನ. ಒಂದು ದಿನ ನಾನೇ ಮನೆಗೆ ಬಂದು ನೋಡ್ತೀನಿ," ಎಂದು ಹಾಸಿಗೆಯವನು ಪ್ರೀತಿಯಿಂದ ಹೆಬ್ಬೆರಳಿನಲ್ಲಿ ಸೋಫಾ ಒತ್ತಿ ತೋರಿಸಿದ. ಸಾಹೇಬರಿಗೆ ಅದು ತಮ್ಮ ಕುತ್ತಿಗೆಯಂತೆ ಕಂಡಿತು. ಮೇಷ್ಟ್ರು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ನೀರು ಕುಡಿಯುತ್ತಲೇ ಇದ್ದರು. ಎಷ್ಟು ಲೋಟ ಎಂಬ ಲೆಕ್ಕ ಯಾರೂ ಇಡಲಿಲ್ಲ.

ಆ ವಾರವೇ, ಮೇಷ್ಟ್ರ ರಜೆಯ ಗುರುವಾರ ಸಂಜೆ, ಸಂಘದ ಸಭೆ. ಸಾಹೇಬರು ನಿಂತು, ಮೂವತ್ತು ವರ್ಷ ಅಂಗಡಿಯವರನ್ನು ನಡುಗಿಸಿದ ದನಿಯಲ್ಲಿ ಹೇಳಿದರು: "ಮಹನೀಯರೇ, ನಮ್ಮ ಬೀದಿಯ ಮೇಲೆ ಈಗ ಎಂಥವರ ಕಣ್ಣಿದೆ ಅಂತ ನಿಮಗೆಲ್ಲ ಗೊತ್ತು. ಹೀಗಿರುವಾಗ ಹಲ್ಲಿಲ್ಲದ ಒಬ್ಬ ಮುದುಕ, ಊದಿದರೆ ಅರ್ಧ ಗಾಳಿ ಸೋರೋ ಒಂದು ಸೀಟಿ, ಇದು ನಮ್ಮ ಮರ್ಯಾದೆಗೆ ತಕ್ಕದ್ದೇ? ಭಾವನವರಿಗೆ ಅವಮಾನ ಅಲ್ಲವೇ?"

ತಾತನನ್ನು ಕೆಲಸದಿಂದ ಬಿಡಿಸುವುದಕ್ಕೆ ಎಲ್ಲರೂ ಕೈ ಎತ್ತಿದರು. ಮೇಷ್ಟ್ರು ಬಾಯಿ ತೆರೆದರು. ಜೀವಮಾನವೆಲ್ಲ ಬೇರೆಯವರ ಬಾಯಿ ತೆರೆಸಿ ನೋಡಿದ ಮನುಷ್ಯ, ತಮ್ಮದರಿಂದ ಏನು ಹೊರಬರುತ್ತದೋ ಎಂದು ಕಾದರು. ಏನೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಅವರ ಮೊಣಕೈ ಹಿಡಿದು ಮೇಲೆತ್ತಿದರು. ಕೈ ಎತ್ತಿದ ಹಾಗಾಯಿತು. ಸರ್ವಾನುಮತ.

ಸೀಟಿ ತಾತ ಮರುದಿನ ಬೆಳಿಗ್ಗೆ ಗೇಟಿಗೆ ಬಂದ. ಬೈಯುತ್ತಾನೆ ಎಂದು ಮೇಷ್ಟ್ರು ಕಾದರು. ತಾತ ಕೊರಳಿನ ದಾರ ಬಿಚ್ಚಿ ಸೀಟಿಯನ್ನು ಅವರ ಅಂಗೈಯಲ್ಲಿಟ್ಟ. "ಫಂಘದ್ದಲ್ಲ, ನನ್ನ ಫ್ವಂತದ್ದು. ಇಟ್ಕೊಳ್ಳಿ. ಗೋಡೆ ಅತ್ರ ಬರ್ತಾ ನೀವು ಫೋನಲ್ಲಿ ಮಾತಾಡೋದು ಕೇಳ್ತಿದ್ದೆ. ಬರೀ ಫೋನಿಗಿಂತ ಇದು ವಾಫಿ."

ಗೊತ್ತಿತ್ತು ಅವನಿಗೆ. ಬೀದಿಯಲ್ಲಿ ಎಲ್ಲರಿಗಿಂತ ಹತ್ತಿರದಿಂದ ಕೇಳಿಸಿಕೊಂಡವನು ಅವನೇ. ಯಾರಿಗೂ ಹೇಳಿರಲಿಲ್ಲ.

ಅಂದಿನ ರಾತ್ರಿಯಿಂದ ನಾನೂರ ಹನ್ನೆರಡು ಹೆಜ್ಜೆಯೂ ಕತ್ತಲೆಯೇ. ಭಾವ ಎಷ್ಟು ಗುಡುಗಿದರೂ ಇನ್ನೂರನೆಯ ಹೆಜ್ಜೆಯಲ್ಲಿ ಉತ್ತರ ಕೊಡುವ ಸೀಟಿ ಇರಲಿಲ್ಲ. ಮೂರನೆಯ ದಿನ ಬಸ್ಸು ಇಳಿದು, ಫೋನು ಕಿವಿಗಿಟ್ಟು, ಅಂಗೈಯನ್ನು ಬಾಯಿಗೆ ಅಡ್ಡ ತಂದದ್ದಷ್ಟೇ, ಹಿಂದಿನಿಂದ ಹೆಣ್ಣುದನಿ ಕೇಳಿತು.

"ಮೇಷ್ಟ್ರೇ, ಫೋನು ತಲೆಕೆಳಗಾಗಿ ಹಿಡಿದಿದೀರಿ."

ಅದೇ ಬೀದಿಯ ಕೊನೆಯ ಮನೆಯ ನರ್ಸಮ್ಮ. ಆಸ್ಪತ್ರೆಯಲ್ಲಿ ಸಂಜೆ ಪಾಳಿ ಮುಗಿಸಿ ಅದೇ ಬಸ್ಸಿನಲ್ಲಿ, ಹೆಂಗಸರ ಸೀಟಿನಲ್ಲಿ ಬರುವಾಕೆ. ಇಳಿದೊಡನೆ ದಾಪುಗಾಲು ಹಾಕುತ್ತಿದ್ದ ಮೇಷ್ಟ್ರ ಕಣ್ಣಿಗೆ ಈವರೆಗೆ ಬಿದ್ದಿರಲಿಲ್ಲ. ಸಂಘದ ಸಭೆಗಳು ಆಕೆಯ ಪಾಳಿಯ ಹೊತ್ತಿನಲ್ಲೇ ನಡೆಯುತ್ತಿದ್ದುದರಿಂದ ಸರ್ವಾನುಮತದಲ್ಲಿ ಆಕೆಯ ಮತ ಸೇರಿರಲಿಲ್ಲ.

"ನಾಚ್ಕೋಬೇಡಿ," ಎಂದಳು ನರ್ಸಮ್ಮ. "ನನಗೂ ಒಬ್ಬ ಅಣ್ಣ ಇದಾನೆ, ಫೋನೊಳಗೆ. ಹದಿನೈದು ವರ್ಷದಿಂದ. ಕುಸ್ತಿ ಪಟು. ಯಾವಾಗಲೂ ಮುಂದಿನ ತಿರುವಲ್ಲೇ ನಿಂತಿರ್ತಾನೆ. ಇನ್ನೂ ಮದುವೆ ಆಗಿಲ್ಲ ಪಾಪ, ನನ್ನನ್ನ ಕಾದೂ ಕಾದೂ."

ಅಂದಿನಿಂದ ಇಬ್ಬರೂ ಜೊತೆಗೆ ನಡೆದರು. ಅಭ್ಯಾಸ ಬಿಡಲಾಗದೆ ಇಬ್ಬರೂ ಫೋನು ಕಿವಿಗಿಟ್ಟೇ ನಡೆದರು. "ಭಾವ, ಲಾಠಿ ತಂದಿದೀರಾ?" "ಅಣ್ಣಾ, ಮೊನ್ನೆ ಯಾರದೋ ಕೈ ಮುರಿದ್ಯಂತೆ?" ಮನುಷ್ಯರು ಇಬ್ಬರು, ರಕ್ಷಕರು ಇಬ್ಬರು, ಒಟ್ಟು ನಾಲ್ವರ ಪಡೆ. ಅದರಲ್ಲಿ ಇಬ್ಬರು ಇಲ್ಲ, ಉಳಿದಿಬ್ಬರಿಗೆ ಧೈರ್ಯವಿಲ್ಲ.

ಸೀಟಿ ತಾತನನ್ನು ತನ್ನ ಆಸ್ಪತ್ರೆಯ ಗೇಟಿನ ಕಾವಲಿಗೆ ಸೇರಿಸಿದ್ದು ನರ್ಸಮ್ಮನೇ. ಹಗಲು ಪಾಳಿ, ಕೂರಲು ಕುರ್ಚಿ. ಅದನ್ನು ಕೇಳಿದ ರಾತ್ರಿ ಮೇಷ್ಟ್ರು ಲ್ಯಾಬಿನಲ್ಲಿ ಮೇಣದಲ್ಲಿದ್ದ ಸೆಟ್ಟನ್ನು ಕೈಗೆತ್ತಿಕೊಂಡು, ಎರಡು ದಿನದಲ್ಲಿ ಮುಗಿಸಿ, ಡಬ್ಬಿಯಲ್ಲಿಟ್ಟು ಆಕೆಯ ಕೈಗೆ ಕೊಟ್ಟರು. ತಾವೇ ಹೋಗಿ ಕೊಡುವ ಮುಖ ಇರಲಿಲ್ಲ.

"ಹಲ್ಲು ಕೊಟ್ರಿ, ಸರಿ," ಎಂದಳು ನರ್ಸಮ್ಮ. "ಮಾತು ಯಾವಾಗ ಕೊಡ್ತೀರಿ? ಸಂಘದಲ್ಲಿ ನಿಜ ಹೇಳಿಬಿಡಿ. ಇನ್ನೊಬ್ಬ ಕಾವಲಿನವನನ್ನ ಇಟ್ಕೊಳ್ಳಲಿ. ಆ ದೀಪ ಹಾಕಿಸಲಿ. ಗುರುವಾರ ನಿಮಗೆ ರಜೆ. ಗುರುವಾರ ನಾನು ಒಬ್ಬಳೇ ಬರೋದು."

"ನಾಳೆ ಹೇಳ್ತೀನಿ."

ಈ ನಾಳೆ ಮೂರು ಸಲ ಬಂದು ಹೋಯಿತು. ಆಮೇಲೆ ಗುರುವಾರ ಬಂತು.

ಹತ್ತೂಮುಕ್ಕಾಲರ ಮೇಲಿರಬೇಕು. ಮೇಷ್ಟ್ರು ಉಂಡು ಹಾಸಿಗೆಯ ಮೇಲೆ ಕೂತಿದ್ದರು. ಗೋಡೆಯ ಕಡೆಯಿಂದ ಕೂಗು ಕೇಳಿತು. "ಬಿಡೋ! ಯಾರಾದ್ರೂ ಬನ್ನಿ! ಬನ್ನೀ!"

ಬೀದಿ ಸತ್ತದ್ದನ್ನು ಮೇಷ್ಟ್ರು ಕಿಟಕಿಯಿಂದ ಕಣ್ಣಾರೆ ಕಂಡರು. ಮೊದಲು ಹಸಿರು ಗೇಟಿನ ಮನೆಯ ದೀಪ ಆರಿತು. ಆಮೇಲೆ ಎದುರುಮನೆ. ಆಮೇಲೆ ಒಂದಾದ ಮೇಲೊಂದು, ಯಾರೋ ಬಾಯಿಂದ ಒಂದೊಂದೇ ಹಲ್ಲು ಕಿತ್ತಂತೆ. ಮೇಷ್ಟ್ರು ಓಡಿಹೋಗಿ ಬಾಗಿಲ ಚಿಲಕದ ಮೇಲೆ ಕೈ ಇಟ್ಟರು. ಹೆಂಡತಿ ತಮ್ಮ ಮನೆಯ ದೀಪವನ್ನೂ ಆರಿಸಿದಳು.

"ಎಲ್ಲಿಗೆ?"

"ಆ ದನಿ ನನಗೆ ಗೊತ್ತು."

"ಅವರ ಕೈಲಿ ಏನಿದೆಯೋ. ಅಷ್ಟು ದೊಡ್ಡ ಗೋಡೆ. ನೀವೊಬ್ಬರೇ."

ಮೇಷ್ಟ್ರ ಕೈ ಚಿಲಕದ ಮೇಲೆ ಎಷ್ಟು ಹೊತ್ತು ಇತ್ತು ಎಂಬುದನ್ನು ಅವರೇ ಆಮೇಲೆ ಬಹಳ ಸಲ ಲೆಕ್ಕ ಹಾಕಿದರು. ಕೊನೆಗೆ ಕೈ ಕೆಳಗಿಳಿದು ಜೇಬಿಗೆ ಹೋಯಿತು. ಸೀಟಿ ಸಿಕ್ಕಿತು. ಕಿಟಕಿಯ ಸಂದಿಗೆ ಬಾಯಿಟ್ಟು, ಮೂವತ್ತೆರಡು ಸ್ವಂತ ಹಲ್ಲುಗಳಲ್ಲಿ ಕಚ್ಚಿ ಹಿಡಿದು ಊದಿದರು. ಉಸಿರು ಮುಗಿದು ಕಣ್ಣು ಕತ್ತಲೆ ಬರುವ ತನಕ ಊದಿದರು. ಯಾರೋ ಓಡಿದ ಸದ್ದು. ಆಮೇಲೆ ಬಹಳ ಹೊತ್ತಿನ ಮೇಲೆ, ಒಂದು ಕಾಲನ್ನು ಎಳೆಯುತ್ತ ಯಾರೋ ಬೀದಿಯುದ್ದಕ್ಕೂ ನಡೆದು ಬಂದ ಸದ್ದು. ಹನ್ನೊಂದು ಕತ್ತಲೆ ಮನೆಗಳನ್ನು ದಾಟಿ, ಮೇಷ್ಟ್ರ ಗೇಟಿನ ಮುಂದೆ ಒಂದು ಕ್ಷಣ ನಿಂತು, ಆ ಸದ್ದು ಮುಂದೆ ಹೋಯಿತು.

ಚೀಲ ಹೋಗಿತ್ತು. ಮಂಡಿ ಒಡೆದಿತ್ತು.

ಬೆಳಿಗ್ಗೆ ಬೀದಿ ಹಬ್ಬದಂತಿತ್ತು. ರಾತ್ರಿ ಭಾವನವರು ಸ್ವತಃ ಬಂದು ಸೀಟಿ ಊದಿ ಕಳ್ಳನನ್ನು ಓಡಿಸಿದರು ಎಂದು ತೂಕದ ಸಾಹೇಬರು ಹಾಲಿನ ಅಂಗಡಿಯ ಮುಂದೆ ವರದಿ ಒಪ್ಪಿಸಿದರು. ಜೀಪು ಕಂಡವರಿದ್ದರು. ಟೋಪಿ ಕಂಡವರಿದ್ದರು. ಹಸಿರು ಗೇಟಿನವರು ಬೂಟಿನ ಸದ್ದನ್ನು ಎಣಿಸಿಯೂ ಇದ್ದರು, ಕಂಬಳಿಯೊಳಗಿಂದ. ಭಾನುವಾರ ಬೆಳಿಗ್ಗೆ ಅಭಿನಂದನಾ ಸಭೆ ಎಂದು ಗೊತ್ತಾಯಿತು. ಆ ಹೊತ್ತಿಗೆ ಪಾಳಿ ಇಲ್ಲದ್ದರಿಂದ ನರ್ಸಮ್ಮನೂ ಬಂದಳು. ಮಂಡಿಗೆ ಬ್ಯಾಂಡೇಜು. ಮೇಷ್ಟ್ರ ಕಡೆ ನೋಡಲಿಲ್ಲ.

ಸಾಹೇಬರು ಭಾಷಣ ಮುಗಿಸುವಷ್ಟರಲ್ಲಿ ಆಕೆ ಎದ್ದು ನಿಂತಳು. "ಭಾವನವರಿಗೆ ನಾನೇ ಧನ್ಯವಾದ ಹೇಳಬೇಕು. ಎಲ್ಲರಿಗೂ ಕೇಳೋ ಹಾಗೆ ಫೋನಿನ ಸ್ಪೀಕರ್ ಹಾಕ್ತೀನಿ. ನಂಬರು ನನ್ನ ಹತ್ರ ಇದೆ."

ಮೇಷ್ಟ್ರ ಕುರ್ಚಿ ಕಿರ್ರೆಂದಿತು. ಇಲ್ಲದವನ ನಂಬರು! ಆಕೆ ಒತ್ತಿದಳು, ಮೇಜಿನ ಮೇಲಿಟ್ಟಳು. ಗಂಟೆ ಹೋಯಿತು. ಒಂದು, ಎರಡು, ಮೂರು. ಮೇಷ್ಟ್ರು ಅಂಗೈಯನ್ನು ಬಾಯಿಯ ಹತ್ತಿರ ತಂದು ಹಿಂದಕ್ಕೆ ತೆಗೆದರು.

"ಹಲೋ." ಗಡಸು ದನಿ. ಒಂದೊಂದು ಅಕ್ಷರವೂ ಅರೆದು ತಿಕ್ಕಿ ಹೊಳಪು ಕೊಟ್ಟಂಥ ಉಚ್ಚಾರ. "ಸಂಘದೋರೆಲ್ಲ ಸೇರಿದೀರಾ?"

ತೂಕದ ಸಾಹೇಬರು ಸೆಟೆದು ನಿಂತರು. ಫೋನಿಗೆ ಕಣ್ಣಿಲ್ಲ ಎಂದು ಹೊಳೆದ ಮೇಲೂ ಕೂರಲಿಲ್ಲ. "ಸೇರಿದೀವಿ ಸಾರ್!"

"ಗುರುವಾರ ರಾತ್ರಿ ಒಬ್ಬ ಹೆಣ್ಣುಮಗಳು ಕೂಗಿದಾಗ ಯಾರ್ಯಾರ ಮನೆ ದೀಪ ಆರಿತು, ಪಟ್ಟಿ ನನ್ನ ಹತ್ರ ಇದೆ. ಓದಲಾ, ನೀವೇ ಹೇಳ್ತೀರಾ?"

ಮೇಷ್ಟ್ರು ಕಿವಿ ನಿಮಿರಿಸಿದರು. ಆ ದನಿಯ 'ಸ'ಕಾರದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಶಿಳ್ಳೆ. ಮೇಲಿನ ಎರಡು ಮುಂಬಲ್ಲುಗಳ ನಡುವೆ ಅವಸರದಲ್ಲಿ ಬಿಟ್ಟ ಸಂದಿ. ತಮ್ಮ ಕೈಕೆಲಸವನ್ನು ಗುರುತಿಸದ ಕಸುಬುದಾರ ಉಂಟೇ? ಅದು ಸೀಟಿ ತಾತ.

ಬೇರೆ ಯಾರಿಗೂ ಗೊತ್ತಾಗಲಿಲ್ಲ. ಹನ್ನೊಂದು ವರ್ಷ ರಾತ್ರಿಯಿಡೀ ತಮ್ಮ ಗೇಟಿನ ಮುಂದೆ ನಡೆದವನ ದನಿ ಆ ಸಭೆಯಲ್ಲಿ ಒಬ್ಬರಿಗಾದರೂ ಗುರುತು ಹತ್ತಲಿಲ್ಲ. ಹಲ್ಲಿಲ್ಲದಾಗ ಅವನು ಏನು ಹೇಳುತ್ತಿದ್ದ ಎಂದು ನಿಂತು ಕೇಳಿದವರೇ ಇರಲಿಲ್ಲ.

"ನಾನು ಸೆಕೆಗೆ ಆರಿಸಿದ್ದು ಸಾರ್!" ಹಸಿರು ಗೇಟಿನವರು ಮೊದಲು ಒಡೆದರು.

"ಫ್ಯಾನಾ ದೀಪಾನಾ?"

"...ದೀಪ ಸಾರ್. ದೀಪದ ಸೆಕೆ."

"ನನಗೆ ಕಿವಿ ಮಂದ ಸಾರ್," ಎಂದರು ಎದುರುಮನೆಯವರು. "ಆಕೆ 'ಬನ್ನಿ' ಅಂದಿದ್ದು ನನಗೆ ಸರಿಯಾಗಿ ಕೇಳಿಸಲೇ ಇಲ್ಲ."

"ಕೂಗಿದ್ದು 'ಬನ್ನಿ' ಅಂತ ಗೊತ್ತಾಗಿದ್ದು ಹೇಗೆ?"

ಎದುರುಮನೆಯವರು ಕೂತರು. ಸಾಹೇಬರು ಹಣೆ ಒರೆಸಿಕೊಂಡರು. "ನಾನು ಕೇಳಿಸಿಕೊಂಡೆ ಸಾರ್, ಸುಳ್ಳು ಹೇಳಲ್ಲ. ನೀವು ಇದೀರಲ್ಲ, ನೋಡ್ಕೋತೀರಿ ಅಂತ ಧೈರ್ಯವಾಗಿ ಮಲಗಿದೆ. ನೀವು ಬಂದೇ ಬಂದ್ರಿ. ಸೀಟಿ ಊದಿದ್ರಿ."

"ನಾನು ಬಂದಿಲ್ಲ. ಸೀಟಿ ನನ್ನದಲ್ಲ."

ಸಭೆಯಲ್ಲಿ ಗುಸುಗುಸು. "ಮತ್ತೆ ಯಾರದು?" ಎಂದರು ಸಾಹೇಬರು. ಮೇಷ್ಟ್ರು ನೆಲ ನೋಡಿದರು. ಮೇಷ್ಟ್ರ ಹೆಂಡತಿ ಎದ್ದು ನಿಂತಳು. ಅಣ್ಣನ ಕೀರ್ತಿಯನ್ನು ಇಷ್ಟು ದಿನ ಕಾಪಾಡಿದವಳಿಗೆ ಗಂಡನ ಪಾಲಿನದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೋ, ಅಥವಾ ಆ ಎಳೆದ ಕಾಲಿನ ಸದ್ದು ಆಕೆಗೂ ನಿದ್ದೆ ಕೊಟ್ಟಿರಲಿಲ್ಲವೋ.

"ನಮ್ಮೆಜಮಾನ್ರೇ ಊದಿದ್ದು."

"ಭೇಷ್! ಬೀದಿಗೆ ಇಳಿದು?"

"ಇಲ್ಲ. ಕಿಟಕಿ ಸಂದಿಯಿಂದ. ಬಾಗಿಲ ಚಿಲಕ ಹಾಕ್ಕೊಂಡು, ದೀಪ ಆರಿಸ್ಕೊಂಡು."

ಆಮೇಲೆ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಕಂಬಳಿಯೊಳಗಿದ್ದವರು, ದೀಪದ ಸೆಕೆಯವರು, ಕಿವಿ ಮಂದದವರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಚಿಲಕ ಹಾಕ್ಕೊಂಡು ಸೀಟಿ! ಎಂಥ ಶೂರನಯ್ಯಾ! ಭಾವನ ಮಾನ ಕಳೆದನಲ್ಲ!" ತಮಗಿಂತ ಒಂದು ಗೇಣು ಮುಂದೆ ಹೋದವನು ಸಿಕ್ಕರೆ ನಗಲು ಎಷ್ಟು ಸುಲಭ! ನರ್ಸಮ್ಮ ಮಾತ್ರ ನಗಲಿಲ್ಲ. ನೇರವಾಗಿ ಮೇಷ್ಟ್ರನ್ನೇ ನೋಡುತ್ತಿದ್ದಳು. ಆ ನೋಟದ ಕೆಳಗೆ ಎಲ್ಲಿ ಬಚ್ಚಿಟ್ಟುಕೊಳ್ಳಬೇಕೋ ತಿಳಿಯದೆ ಮೇಷ್ಟ್ರೂ ನಗತೊಡಗಿದರು.

ಫೋನು ಕೆಮ್ಮಿತು. ನಗೆ ನಿಂತಿತು.

"ಆ ಕಾವಲಿನ ಮುದುಕನ್ನ ಯಾಕೆ ಬಿಡಿಸಿದ್ರಿ?"

"ತಪ್ಪಾಯ್ತು ಸಾರ್, ನಾಳೆನೇ ವಾಪಸ್ ಕರೆಸ್ತೀವಿ!"

"ಅವನು ಬರಲ್ಲ," ಎಂದಿತು ದನಿ. ಶಿಳ್ಳೆ ಒಂದಿಷ್ಟು ನಡುಗಿತು. "ಅವನಿಗೆ ಕುರ್ಚಿ ಇರೋ ಕಡೆ ಕೆಲಸ ಸಿಕ್ಕಿದೆ. ನೀವೇ ಏನಾದ್ರೂ ಮಾಡ್ಕೊಳ್ಳಿ. ಸರಿ, ಹೋಗಿ ಎಲ್ಲರೂ." ಸ್ವಲ್ಪ ತಡೆದು, "ಮೇಷ್ಟ್ರೇ, ಹಲ್ಲು ಚೆನ್ನಾಗಿ ಕೂತಿದೆ." ಫೋನು ಕಡಿದುಹೋಯಿತು.

"ಭಾವನವರಿಗೂ ಕಟ್ಟಿದ ಹಲ್ಲೇ?" ಎಂದು ಸಾಹೇಬರು ಭಕ್ತಿಯಿಂದ ಕೇಳಿದರು.

ಸಂಘ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ವಾರದೊಳಗೆ ತುರ್ತು ಸಭೆ ಸೇರಿ, ಸರ್ವಾನುಮತದಿಂದ ದೊಡ್ಡದೊಂದು ಬೋರ್ಡು ಬರೆಸಿತು. ಸಾಹೇಬರೇ ನಿಂತು, ಉದ್ದಗಲ ಅಳೆದು, ಗೋಡೆಯ ಪಕ್ಕದ ಕಂಬಕ್ಕೆ ಅದನ್ನು ಹೊಡೆಸಿದರು. ಸತ್ತ ದೀಪದ ಕಂಬಕ್ಕೆ. ದೀಪ ಹಾಕಿಸುವ ವಿಷಯ 'ಮುಂದಿನ ಸಭೆಗೆ' ಎಂದಾಯಿತು. ಮುಂದಿನ ಸಭೆ ನರ್ಸಮ್ಮನ ಪಾಳಿಯ ಹೊತ್ತಿಗೆ.

ಆ ರಾತ್ರಿ ಬಸ್ಸು ಇಳಿದಾಗ ನರ್ಸಮ್ಮ ಮುಂದೆ ನಡೆಯುತ್ತಿದ್ದಳು. ಮೇಷ್ಟ್ರು ಹತ್ತು ಹೆಜ್ಜೆ ಹಿಂದೆ. ಜೊತೆಗೆ ಬನ್ನಿ ಎಂದು ಆಕೆ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇಬ್ಬರ ಕೈಯಲ್ಲೂ ಫೋನು ಇರಲಿಲ್ಲ. ಕಂಬದ ಹತ್ತಿರ ಆಕೆ ನಿಂತಳು.

"ಏನು ಬರೆದಿದೆ ಇದರಲ್ಲಿ? ಕತ್ತಲೇಲಿ ಕಾಣಲ್ಲ."

ಮೇಷ್ಟ್ರು ಮೊಬೈಲು ತೆಗೆದು ಅದರ ಬೆಳಕು ಹಿಡಿದರು. ಕೆಂಪು ಅಕ್ಷರ: 'ಎಚ್ಚರಿಕೆ! ಈ ಬೀದಿಯಲ್ಲಿ ನಾವೆಲ್ಲರೂ ಎಚ್ಚರವಾಗಿದ್ದೇವೆ.'

ಬೆಳಕು ಕಂಡದ್ದೇ ತಡ, ದೂರದಲ್ಲಿ ಹಸಿರು ಗೇಟಿನ ಮನೆಯ ದೀಪ ಪಟ್ಟನೆ ಆರಿತು. ಆಮೇಲೆ ಎದುರುಮನೆಯದು.

ಮೇಷ್ಟ್ರ ಹೊಟ್ಟೆಯ ಆಳದಿಂದ ಏನೋ ಮೇಲೆದ್ದು ಬಂತು. ಅಳು ಎಂದುಕೊಂಡು ಬಾಯಿ ತೆರೆದರು, ಬಂದದ್ದು ನಗು. ಗೋಡೆಗೆ ಬಡಿದು ಎರಡಾಗಿ, ಸೈಟಿನ ಹುಲ್ಲಿನಲ್ಲಿ ಉರುಳಿ, ಬೀದಿಯುದ್ದಕ್ಕೂ ಓಡುವಂಥ ನಗು. ಒಂದೊಂದಾಗಿ ದೀಪಗಳು ಆರಿದವು, ಕಿಟಕಿಗಳು ಮುಚ್ಚಿದವು, ಚಿಲಕಗಳು ಬಿದ್ದವು. ಹುಟ್ಟಿದಾರಭ್ಯ ಹೆದರಿಕೊಂಡೇ ಬಂದ ಮನುಷ್ಯನಿಗೆ ಇಡೀ ಬೀದಿ ಹೆದರಿತು.

ಆಗ ಕೈಯಲ್ಲಿದ್ದ ಫೋನು ರಿಂಗಾಯಿತು. ಆ ಬೀದಿಯಲ್ಲಿ ಅವರಿಗೆ ಬಂದ ಮೊದಲ ನಿಜವಾದ ಕರೆ. ಹೆಂಡತಿ.

"ರೀ, ಎಲ್ಲಿದೀರಿ? ಬೀದೀಲಿ ಯಾವನೋ ಹುಚ್ಚನ ಹಾಗೆ ನಗ್ತಿದಾನೆ. ನಾನು ಚಿಲಕ ಹಾಕ್ಕೊಂಡು ದೀಪ ಆರಿಸಿದೀನಿ. ನೀವೇ ಹೇಗಾದ್ರೂ ಹುಷಾರಾಗಿ ಬನ್ನಿ. ಯಾರು ಕರೆದ್ರೂ ನಾನು ಬಾಗಿಲು ತೆಗೆಯಲ್ಲ!"

ಮೇಷ್ಟ್ರು ಫೋನನ್ನು ನರ್ಸಮ್ಮನ ಕಿವಿಯ ಹತ್ತಿರ ಹಿಡಿದರು. ಆಕೆ ಪೂರ್ತಿ ಕೇಳಿಸಿಕೊಂಡಳು. ತುಟಿಯ ಒಂದು ತುದಿ ಅಲ್ಲಾಡಿತು. ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಆಕೆ ನಗಲಿಲ್ಲ. ನಕ್ಕವರು ಮೇಷ್ಟ್ರೇ, ಮೊದಲಿಗಿಂತ ಜೋರಾಗಿ, ನಾನೂರ ಹನ್ನೆರಡು ಹೆಜ್ಜೆಯುದ್ದಕ್ಕೂ, ಮುಚ್ಚಿದ ತಮ್ಮದೇ ಬಾಗಿಲವರೆಗೆ.